ಕಲ್ಕಿಯ ರಾಜ ಎಲ್ಲಿ ಹೋದ? – ಗಣಕಯಂತ್ರ ಎಲೆ ಹಂಚುವ ಬಗೆ

ಮಕ್ಕಳೇ, ನಾಲ್ಕು ಜನ ಸುತ್ತ ಕುಳಿತು ಎಲೆ ಆಟ ಆಡುವುದನ್ನು ನೀವು ನೋಡಿಯೇ ಇರುತ್ತೀರಿ. ಒಬ್ಬರು ಎಲೆಗಳನ್ನು ಕಲೆಸುತ್ತಾರೆ. ಪಕ್ಕದವರು ಕಟ್ಟನ್ನು ಎರಡು ಭಾಗ ಮಾಡಿ ಕೆಳಗಿನದನ್ನು ಮೇಲಿಡುತ್ತಾರೆ. ಆಮೇಲೆ ಒಂದೊಂದಾಗಿ ಹಂಚುತ್ತಾರೆ. ಅಷ್ಟು ಹೊತ್ತೂ ಉಳಿದವರ ಕಣ್ಣು ಕಲೆಸುವವರ ಕೈಯ ಮೇಲೆಯೇ ಇರುತ್ತದೆ. ಒಳ್ಳೆಯ ಎಲೆಯನ್ನು ತಾನೇ ಇಟ್ಟುಕೊಂಡರೆ ಎಂಬ ಅನುಮಾನ!

ಈ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸಿದರೆ ಹೇಗೆ? ಅದಕ್ಕೆ ಗೆಲ್ಲುವ ಆಸೆ ಇಲ್ಲ, ಸ್ನೇಹಿತರೂ ಇಲ್ಲ. ಯಾರಿಗೂ ಪಕ್ಷಪಾತ ಮಾಡದು ಎಂದು ನಾನೂ ಅಂದುಕೊಂಡಿದ್ದೆ. ಆದರೆ ತ್ಯಾವಣಿಗೆ ಸುತ್ತಿನ ಒಂದು ಶಾಲೆಯಲ್ಲಿ ಗಣಕಯಂತ್ರ ಹಂಚಿದ ಎಲೆಗಳಿಂದ ದೊಡ್ಡ ಜಗಳವೇ ಆಗಿಹೋಯಿತು. ಏಳನೇ ತರಗತಿಯ ಒಬ್ಬ ಹುಡುಗಿಗೆ ‘ಕಳ್ಳಾಟದವಳು’ ಎಂಬ ಹೆಸರು ಬಂತು. ಅವಳು ಮಾಡಿದ ತಪ್ಪೇನೂ ಇರಲಿಲ್ಲ. ತಪ್ಪು ಮಾಡಿದ್ದು ಕ್ರಮವಿಧಿ ಬರೆದ ನಾನು. ಆ ಕಥೆಯ ಜೊತೆಗೆ, ನಾಲ್ಕು ಜನ ಆಡುವ ಎಲೆ ಆಟವನ್ನು ‘ಸಿ’ ಭಾಷೆಯಲ್ಲಿ ಹೇಗೆ ಬರೆಯುತ್ತಾರೆ ಎಂಬುದನ್ನೂ ನೋಡೋಣ. ನಿಮಗೆ ಬೇಕಾದ ಗಣಿತ ಇಷ್ಟೇ: ಭಾಗಾಕಾರ, ಅದರಲ್ಲಿ ಬರುವ ಭಾಗಲಬ್ಧ ಮತ್ತು ಶೇಷ.

ಇಸ್ಪೀಟು ಬೇಡ, ಗಂಜೀಫ ಆಗಲಿ

ಮೊದಲು ನಾನು 52 ಎಲೆಗಳ ಇಸ್ಪೀಟು ಕಟ್ಟನ್ನೇ ತೆಗೆದುಕೊಂಡಿದ್ದೆ. ಎರಡೇ ದಿನಕ್ಕೆ ಒಬ್ಬ ಪಾಲಕರು ಶಾಲೆಯ ಬಾಗಿಲಿಗೆ ಬಂದರು. “ಏನ್ ಸಾರ್, ಊರಾಗೆ ಆಡೋರು ಸಾಲ್ದು ಅಂತ ಶಾಲ್ಯಾಗೂ ಇಸ್ಪೀಟು ಕಲಸ್ತೀರಾ?” ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಹಣ ಕಟ್ಟಿ ಆಡಿ ಅಡಿಕೆ ಮಾರಿದ ದುಡ್ಡನ್ನೆಲ್ಲ ಕಳೆದುಕೊಂಡ ಮನೆಗಳು ಯಾವ ಊರಿನಲ್ಲಿಲ್ಲ? ಹಾಗಾಗಿ ಇಸ್ಪೀಟನ್ನು ಕೈಬಿಟ್ಟು ನಮ್ಮದೇ ನಾಡಿನ ದಶಾವತಾರ ಗಂಜೀಫವನ್ನು ಹಿಡಿದೆವು. ಬರುಬರುತ್ತ ಇದೇ ಹೆಚ್ಚು ಸ್ವಾರಸ್ಯ ಎನಿಸಿತು.

ಗಂಜೀಫ ಎಂದರೆ ಗುಂಡಗಿನ ಚಿತ್ರದ ಎಲೆಗಳು. ಈ ಆಟ ಪರ್ಷಿಯಾ ಕಡೆಯಿಂದ ಭಾರತಕ್ಕೆ ಬಂದದ್ದು. 1527ರಲ್ಲಿ ಸಿಂಧ್ ಪ್ರಾಂತದ ಶಾ ಹಸನನಿಗೆ ಗಂಜೀಫ ಎಲೆಗಳನ್ನು ಕಳುಹಿಸಿದ ವಿಷಯವನ್ನು ಮೊಘಲ್ ದೊರೆ ಬಾಬರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ (1794–1868) ಇದರ ಮೇಲೆ ಬಹಳ ಪ್ರೀತಿ. ಅವರು ಹೊಸ ಹೊಸ ಎಲೆ ಆಟಗಳನ್ನು ತಾವೇ ರೂಪಿಸಿದರು. ಅವುಗಳಲ್ಲಿ 360 ಎಲೆಗಳ ಆಟವೂ ಉಂಟು! ಅಷ್ಟು ಎಲೆಗಳನ್ನು ಕೈಯಲ್ಲಿ ಹಿಡಿದು ಕಲೆಸುವುದನ್ನು ಊಹಿಸಿಕೊಳ್ಳಿ. ನಮ್ಮ ಕಾಲದಲ್ಲಿ ಮೈಸೂರಿನ ಕಲಾವಿದ ಗಂಜೀಫ ರಘುಪತಿ ಭಟ್ಟರು ಈ ಎಲೆಗಳ ಚಿತ್ರಕಲೆಗೆ ಮತ್ತೆ ಜೀವ ಕೊಟ್ಟವರಲ್ಲಿ ಮುಖ್ಯರು.

ದಶಾವತಾರ ಗಂಜೀಫದಲ್ಲಿ ಹತ್ತು ಗುಂಪುಗಳು: ಮತ್ಸ್ಯ, ಕೂರ್ಮ, ವರಾಹ, ನರಸಿಂಹ, ವಾಮನ, ಪರಶುರಾಮ, ರಾಮ, ಕೃಷ್ಣ, ಬುದ್ಧ, ಕಲ್ಕಿ. (ಊರಿಂದೂರಿಗೆ ಒಂದೆರಡು ಹೆಸರು ಬದಲಾಗುವುದುಂಟು.) ಪ್ರತಿ ಗುಂಪಿನಲ್ಲಿ 1ರಿಂದ 10ರವರೆಗೆ ಹತ್ತು ಎಲೆ, ಜೊತೆಗೆ ಒಬ್ಬ ಮಂತ್ರಿ, ಒಬ್ಬ ರಾಜ. ಅಂದರೆ ಗುಂಪಿಗೆ 12 ಎಲೆ, ಒಟ್ಟು 120. ಈ 120 ಎಂಬುದು ಒಳ್ಳೆಯ ಸಂಖ್ಯೆ. ಮೂವರಿಗೆ ಹಂಚಿದರೆ ತಲಾ 40, ನಾಲ್ವರಿಗೆ 30, ಐವರಿಗೆ 24. ಶೇಷ ಉಳಿಯುವುದೇ ಇಲ್ಲ. ನಾವು ನಾಲ್ವರ ಆಟ ಮಾಡಿಕೊಂಡೆವು.

ಯಂತ್ರಕ್ಕೆ ಚಿತ್ರ ತಿಳಿಯದು, ಸಂಖ್ಯೆ ತಿಳಿಯುತ್ತದೆ

‘ಸಿ’ ಭಾಷೆಯನ್ನು 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ (1941–2011) ರೂಪಿಸಿದರು. ಇದು ಕನ್ನಡ, ತೆಲುಗಿನಂಥ ಮಾತನಾಡುವ ಭಾಷೆಯಲ್ಲ. ಗಣಕಯಂತ್ರಕ್ಕೆ ಆದೇಶಗಳನ್ನು ಬರೆದುಕೊಡುವ ಭಾಷೆ. ಆದೇಶಗಳ ಪಟ್ಟಿಗೆ ಕ್ರಮವಿಧಿ ಎಂದು ಹೆಸರು.

‘ಕೂರ್ಮದ ರಾಜ’ ಎಂದರೆ ಯಂತ್ರಕ್ಕೆ ಏನೂ ಅರ್ಥವಾಗದು. ಆದ್ದರಿಂದ ಪ್ರತಿ ಎಲೆಗೂ ಒಂದು ಸಂಖ್ಯೆ ಕೊಡುತ್ತೇವೆ. 120 ಎಲೆಗಳಿಗೆ 0ಯಿಂದ 119. ಹೌದು, ಎಣಿಕೆ ಸೊನ್ನೆಯಿಂದಲೇ ಆರಂಭ. ‘ಸಿ’ ಭಾಷೆಯ ಅಭ್ಯಾಸವೇ ಹಾಗೆ. ಈ ಅಭ್ಯಾಸ ಆಮೇಲೆ ನನ್ನನ್ನು ಪೇಚಿಗೆ ಸಿಕ್ಕಿಸಿತು, ಅದನ್ನು ಕೊನೆಗೆ ಹೇಳುತ್ತೇನೆ.

ಈಗ 77ನೇ ಸಂಖ್ಯೆಯ ಎಲೆ ಯಾವುದು? 77ನ್ನು 12ರಿಂದ ಭಾಗಿಸಿ. ಭಾಗಲಬ್ಧ 6, ಶೇಷ 5. ಭಾಗಲಬ್ಧ ಗುಂಪನ್ನು ಹೇಳುತ್ತದೆ. ಮತ್ಸ್ಯ 0, ಕೂರ್ಮ 1, ವರಾಹ 2 ಎಂದು ಎಣಿಸುತ್ತ ಹೋದರೆ 6 ಎಂದರೆ ರಾಮ. ಶೇಷ ಎಲೆಯನ್ನು ಹೇಳುತ್ತದೆ. ಶೇಷ 0 ಆದರೆ ಒಂದರ ಎಲೆ, 1 ಆದರೆ ಎರಡರ ಎಲೆ. ಹೀಗೆ ಹೋಗಿ 9 ಆದರೆ ಹತ್ತರ ಎಲೆ, 10 ಆದರೆ ಮಂತ್ರಿ, 11 ಆದರೆ ರಾಜ. ಆದ್ದರಿಂದ 77 ಎಂದರೆ ರಾಮನ ಆರು. ತಿರುಗಿಸಿಯೂ ನೋಡಬಹುದು. ಕೂರ್ಮದ ರಾಜನ ಸಂಖ್ಯೆ 1 × 12 + 11 = 23. ಹಾಗಾದರೆ ಕೊನೆಯ ಸಂಖ್ಯೆ 119 ಯಾರು? ಲೆಕ್ಕ ಮಾಡಿ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.

‘ಸಿ’ ಭಾಷೆಯಲ್ಲಿ ಎರಡು ಪೂರ್ಣಾಂಕಗಳನ್ನು ಓರೆಗೆರೆ ಹಾಕಿ ಭಾಗಿಸಿದರೆ ಭಾಗಲಬ್ಧ ಮಾತ್ರ ಬರುತ್ತದೆ, ಉಳಿದದ್ದನ್ನು ಅದು ಬಿಟ್ಟುಬಿಡುತ್ತದೆ. ಶೇಷ ಬೇಕಿದ್ದರೆ ಶೇಕಡಾ ಚಿಹ್ನೆ ಹಾಕಬೇಕು. 77 % 12 ಎಂದು ಬರೆದರೆ ಉತ್ತರ 5. ಇಲ್ಲಿ ಆ ಚಿಹ್ನೆಗೂ ಬಡ್ಡಿ ಲೆಕ್ಕಕ್ಕೂ ಸಂಬಂಧವಿಲ್ಲ, ಗೊಂದಲ ಮಾಡಿಕೊಳ್ಳಬೇಡಿ.

ಎಲೆಗಳನ್ನು ಇಡಲು ಯಂತ್ರದ ಸ್ಮರಣೆಯಲ್ಲಿ ಒಂದೇ ಸಾಲಿನ 120 ಮನೆಗಳನ್ನು ಕಟ್ಟಿಕೊಳ್ಳುತ್ತೇವೆ. ಒಂದು ಓಣಿಯ ಸಾಲುಮನೆಗಳೆಂದೇ ತಿಳಿಯಿರಿ. 0ನೇ ಮನೆಯಲ್ಲಿ 0, 1ನೇ ಮನೆಯಲ್ಲಿ 1, ಹೀಗೆ ತುಂಬುತ್ತ ಹೋದರೆ ಹೊಸದಾಗಿ ಅಂಗಡಿಯಿಂದ ತಂದ ಕಟ್ಟಿನಂತೆ ಎಲ್ಲ ಎಲೆಗಳೂ ಕ್ರಮವಾಗಿ ಕುಳಿತಿರುತ್ತವೆ. ಇನ್ನು ಕಲೆಸಬೇಕು.

ಕಲೆಸುವುದು ಅಷ್ಟು ಸುಲಭವಲ್ಲ

ಎರಡು ಮನೆಗಳ ಎಲೆಗಳನ್ನು ಅದಲುಬದಲು ಮಾಡುವುದು ಹೇಗೆ ಎಂದು ಮೊದಲು ನೋಡೋಣ. ಒಂದು ಲೋಟದಲ್ಲಿ ಮಜ್ಜಿಗೆ, ಇನ್ನೊಂದರಲ್ಲಿ ಪಾನಕ ಇದೆ. ಲೋಟ ಬದಲಿಸಬೇಕಾದರೆ ಮೂರನೆಯ ಖಾಲಿ ಲೋಟ ಬೇಕೇ ಬೇಕು ಅಲ್ಲವೆ? ಯಂತ್ರದಲ್ಲೂ ಹಾಗೆಯೇ, ಮೂರನೆಯ ಒಂದು ಮನೆಯನ್ನು ಖಾಲಿ ಇಟ್ಟುಕೊಂಡಿರುತ್ತೇವೆ.

ಇನ್ನು ಕಲೆಸುವ ವಿಧಾನ. ಮಕ್ಕಳನ್ನು ಕೇಳಿದಾಗ ಒಬ್ಬ ಹುಡುಗ ತಕ್ಷಣ ಹೇಳಿದ: “ಒಂದೊಂದೇ ಮನೆಗೆ ಹೋಗೋದು, ಆ ಎಲೆನಾ ಇಡೀ ಸಾಲಿನಾಗೆ ಯಾವುದಾದ್ರೂ ಒಂದರ ಜೊತಿ ಬದಲಿ ಮಾಡೋದು.” ಕೇಳಿದರೆ ಸರಿಯೆನಿಸುತ್ತದೆ. ನನಗೂ ಹಾಗೇ ಅನಿಸಿತ್ತು. 120 ಎಲೆ ಬಿಡಿ, ಬರೀ ಮೂರು ಚೀಟಿಗಳಲ್ಲಿ ಇದನ್ನು ಪರೀಕ್ಷಿಸೋಣ.

1, 2, 3 ಎಂದು ಬರೆದ ಮೂರು ಚೀಟಿಗಳು. ಇವನ್ನು ಸಾಲಾಗಿ ಇಡುವ ಕ್ರಮಗಳು ಆರು: 123, 132, 213, 231, 312, 321. ನ್ಯಾಯವಾಗಿ ಕಲೆಸುವುದು ಎಂದರೆ ಈ ಆರೂ ಕ್ರಮಗಳಿಗೆ ಸಮಾನ ಅವಕಾಶ ಇರುವುದು. ಆ ಹುಡುಗನ ವಿಧಾನದಲ್ಲಿ ಮೊದಲ ಮನೆಗೆ ಮೂರು ಆಯ್ಕೆ, ಎರಡನೆಯದಕ್ಕೆ ಮೂರು, ಮೂರನೆಯದಕ್ಕೂ ಮೂರು. ಒಟ್ಟು 3 × 3 × 3 = 27 ದಾರಿಗಳು. ಈ 27 ದಾರಿಗಳನ್ನು ಆರು ಕ್ರಮಗಳಿಗೆ ಸಮನಾಗಿ ಹಂಚಿ ನೋಡೋಣ. 27ನ್ನು 6ರಿಂದ ಭಾಗಿಸಿದರೆ ಶೇಷ 3 ಉಳಿಯುತ್ತದೆ! ಎಂದಮೇಲೆ ಸಮನಾಗಿ ಹಂಚಿಕೆಯಾಗುವುದು ಸಾಧ್ಯವೇ ಇಲ್ಲ. ಯಾರಿಗೋ ಹೆಚ್ಚು, ಯಾರಿಗೋ ಕಡಿಮೆ ಆಗಲೇಬೇಕು. ಕಪ್ಪುಹಲಗೆಯ ಮೇಲೆ 27 ದಾರಿಗಳನ್ನೂ ಬರೆದು ನೋಡಿದೆವು. 132, 213, 231 ಈ ಮೂರು ಕ್ರಮಗಳು ಐದೈದು ಸಲ ಬಂದವು. ಉಳಿದ ಮೂರು ನಾಲ್ಕು ನಾಲ್ಕು ಸಲ. ಒಂದು ಮಧ್ಯಾಹ್ನದ ಬಿಡುವಿನಲ್ಲಿ ನೀವೂ ಇದನ್ನು ಮಾಡಬಹುದು. ಚೀಟಿಗಳನ್ನು ನಿಜವಾಗಿ ಕೈಯಿಂದ ಬದಲಿಸುತ್ತ ಹೋದರೆ ತಪ್ಪುವುದಿಲ್ಲ.

ಸರಿಯಾದ ವಿಧಾನದಲ್ಲಿ ಬದಲಾವಣೆ ತೀರ ಚಿಕ್ಕದು. ಕೊನೆಯ ಮನೆಯಿಂದ ಹೊರಡಬೇಕು. ಆ ಮನೆಗೆ ಎಲ್ಲ ಎಲೆಗಳಲ್ಲಿ ಯಾವುದಾದರೂ ಒಂದನ್ನು ತರಬೇಕು. ತಂದ ಮೇಲೆ ಆ ಮನೆಗೆ ಬೀಗ ಹಾಕಿದಂತೆ, ಮತ್ತೆ ಮುಟ್ಟಬಾರದು. ಅದರ ಹಿಂದಿನ ಮನೆಗೆ, ಉಳಿದ ಎಲೆಗಳಲ್ಲಿ ಒಂದು. ಹೀಗೆ ಮುಂದುವರಿಯಬೇಕು. ಮೂರು ಚೀಟಿಗಳಾದರೆ ಮೊದಲು 3 ಆಯ್ಕೆ, ಆಮೇಲೆ 2, ಕೊನೆಗೆ 1. ಒಟ್ಟು 3 × 2 × 1 = 6 ದಾರಿ, ಕ್ರಮಗಳೂ ಆರೇ. ಒಂದು ಕ್ರಮಕ್ಕೆ ಒಂದೇ ದಾರಿ. ಇದನ್ನು 1938ರಲ್ಲಿ ರೊನಾಲ್ಡ್ ಫಿಶರ್ ಮತ್ತು ಫ್ರಾಂಕ್ ಯೇಟ್ಸ್ ಎಂಬ ಸಂಖ್ಯಾಶಾಸ್ತ್ರಜ್ಞರು ತಮ್ಮ ಪುಸ್ತಕದಲ್ಲಿ ಕೊಟ್ಟಿದ್ದರು. ಆಗ ಅದು ಕಾಗದ, ಪೆನ್ಸಿಲ್ಲಿನ ವಿಧಾನ. ಗಣಕಯಂತ್ರಕ್ಕೆ ಹೊಂದುವ ರೂಪವನ್ನು 1964ರಲ್ಲಿ ರಿಚರ್ಡ್ ಡರ್ಸ್ಟೆನ್‌ಫೆಲ್ಡ್ ಪ್ರಕಟಿಸಿದರು. ನಮ್ಮ ಕಟ್ಟಿಗೆ ಅದನ್ನು ಕನ್ನಡದಲ್ಲಿ ಬರೆದರೆ ಹೀಗಾಗುತ್ತದೆ:

ಮನೆ 119ರಿಂದ ಆರಂಭಿಸಿ 1ರವರೆಗೆ, ಒಂದೊಂದೇ ಕಡಿಮೆ ಮಾಡುತ್ತ, ಕೆಳಗಿನದನ್ನು ಮಾಡು:
ಆಯ್ಕೆ = ರ‍್ಯಾಂಡ್ % (ಮನೆ + 1)
‘ಮನೆ’ಯಲ್ಲಿರುವ ಎಲೆಯನ್ನೂ ‘ಆಯ್ಕೆ’ಯಲ್ಲಿರುವ ಎಲೆಯನ್ನೂ ಅದಲುಬದಲು ಮಾಡು.

ಮೂರೇ ಸಾಲು! 120 ಎಲೆಗಳನ್ನು ಕಲೆಸಲು ಇಷ್ಟು ಸಾಕು. ಆದರೆ ಎರಡನೆಯ ಸಾಲಿನಲ್ಲಿರುವ ‘ರ‍್ಯಾಂಡ್’ ಎಂದರೇನು? ಜಗಳ ಹುಟ್ಟಿದ್ದೇ ಅಲ್ಲಿ.

ಕಣ್ಣು ಮುಚ್ಚಿ ಚೀಟಿ ಎತ್ತಲು ಬಾರದ ಯಂತ್ರ

‘ಯಾವುದಾದರೂ ಒಂದು’ ಎಂದರೆ ನಾವು ಕಣ್ಣು ಮುಚ್ಚಿ ಚೀಟಿ ಎತ್ತುತ್ತೇವೆ. ಹೀಗೆ ಮುಂಚಿತವಾಗಿ ಹೇಳಲಾಗದಂತೆ ಬರುವ ಸಂಖ್ಯೆಗೆ ಯಾದೃಚ್ಛಿಕ ಸಂಖ್ಯೆ ಎನ್ನುತ್ತಾರೆ. ಗಣಕಯಂತ್ರಕ್ಕೆ ಇದು ಬಹಳ ಕಷ್ಟ. ಹೇಳಿದ್ದನ್ನು ಹೇಳಿದಂತೆಯೇ ಮಾಡುವುದು ಅದರ ಗುಣ. ಕಣ್ಣು ಮುಚ್ಚುವುದು ಅದಕ್ಕೆ ಗೊತ್ತಿಲ್ಲ. ಆದ್ದರಿಂದ ಅದು ಲೆಕ್ಕ ಮಾಡಿ ಯಾದೃಚ್ಛಿಕದಂತೆ ಕಾಣುವ ಸಂಖ್ಯೆಗಳನ್ನು ಕೊಡುತ್ತದೆ. ‘ಸಿ’ ಭಾಷೆಯಲ್ಲಿ ಈ ಕೆಲಸ ಮಾಡುವುದೇ ‘ರ‍್ಯಾಂಡ್’.

ಅದರ ಗುಟ್ಟನ್ನು ಚಿಕ್ಕ ಲೆಕ್ಕದಲ್ಲಿ ನೋಡಬಹುದು. ಒಂದು ಸಂಖ್ಯೆ ತೆಗೆದುಕೊಳ್ಳಿ. 5ರಿಂದ ಗುಣಿಸಿ, 3 ಕೂಡಿಸಿ, 16ರಿಂದ ಭಾಗಿಸಿ. ಬರುವ ಶೇಷವೇ ಮುಂದಿನ ಸಂಖ್ಯೆ. ಅದಕ್ಕೆ ಮತ್ತೆ ಅದೇ ಲೆಕ್ಕ. 1ರಿಂದ ಆರಂಭಿಸಿದರೆ ಬರುವ ಸಾಲು ಇದು:

1, 8, 11, 10, 5, 12, 15, 14, 9, 0, 3, 2, 13, 4, 7, 6

ಆಮೇಲೆ ಮತ್ತೆ 1. ನೋಡಲು ಅಸ್ತವ್ಯಸ್ತವಾಗಿದೆ, ಆದರೆ 0ಯಿಂದ 15ರವರೆಗಿನ ಎಲ್ಲ ಸಂಖ್ಯೆಗಳೂ ಸರಿಯಾಗಿ ಒಂದೊಂದು ಸಲ ಬಂದಿವೆ. ಈ ಸಾಲಿನಲ್ಲಿ ಒಂದು ದೋಷವೂ ಅಡಗಿದೆ. ಸ್ವಲ್ಪ ಹೊತ್ತು ಸಾಲನ್ನೇ ದಿಟ್ಟಿಸಿ ನೋಡಿ. ಸಿಕ್ಕಿತೇ? ಬೆಸ, ಸಮ, ಬೆಸ, ಸಮ ಎಂದು ತಪ್ಪದೆ ಬರುತ್ತಿದೆ. ಹಿಂದಿನ ಕಾಲದ ಹಲವು ‘ರ‍್ಯಾಂಡ್’ಗಳಲ್ಲಿ ಇಂಥ ದೋಷ ನಿಜವಾಗಿಯೂ ಇತ್ತು. ‘ಸಿ’ ಭಾಷೆಯ ಮಾನಕದಲ್ಲಿ ಕೊಟ್ಟ ಮಾದರಿ ಲೆಕ್ಕದಲ್ಲಿ 1,10,35,15,245ರಿಂದ ಗುಣಿಸಿ 12,345 ಕೂಡಿಸುತ್ತಾರೆ. ಆಮೇಲೆ ಬಂದದ್ದನ್ನು 65,536ರಿಂದ ಭಾಗಿಸಿ, ಬಾಲದ ಭಾಗವನ್ನು ಎಸೆದುಬಿಡುತ್ತಾರೆ. ಈ ಬೆಸ–ಸಮದ ಕುಣಿತ ಬಾಲದಲ್ಲೇ ಇರುವುದರಿಂದ ಅದರ ಜೊತೆ ಹೊರಟುಹೋಗುತ್ತದೆ.

ಸಾಲಿನ ಮೊದಲ ಸಂಖ್ಯೆಗೆ ‘ಬೀಜ’ ಎಂದು ಹೆಸರು. ಭದ್ರಾ ನಾಲೆಯ ಕೆಳಗೆ ಭತ್ತ ಬೆಳೆಯುವ ಊರಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಾವ ಬೀಜ ಹಾಕಿದರೆ ಅದೇ ಬೆಳೆ. ಮೇಲಿನ ಲೆಕ್ಕದಲ್ಲಿ 1 ಹಾಕಿದರೆ ಮುಂದೆ 8, 11, 10 ಬರಲೇಬೇಕು. ಇಂದೂ ಅದೇ, ನಾಳೆಯೂ ಅದೇ, ದಾವಣಗೆರೆಯಲ್ಲೂ ಅದೇ, ದೆಹಲಿಯಲ್ಲೂ ಅದೇ.

ಬೀಜವನ್ನು ನಾವೇ ಕೊಡಬೇಕು. ಅದಕ್ಕೆ ‘ಎಸ್‌ರ‍್ಯಾಂಡ್’ ಎಂಬ ಆದೇಶವಿದೆ. ಕೊಡಲು ಮರೆತರೆ? ‘ಸಿ’ ಭಾಷೆ ಬೈಯುವುದಿಲ್ಲ, ಎಚ್ಚರಿಸುವುದೂ ಇಲ್ಲ. ಬೀಜ 1 ಎಂದು ತಾನೇ ತೆಗೆದುಕೊಂಡು ಸುಮ್ಮನೆ ಕೆಲಸ ಆರಂಭಿಸುತ್ತದೆ. ನಾನು ಮರೆತಿದ್ದೆ.

ನೋಟುಪುಸ್ತಕದ ಸಾಕ್ಷಿ

ಶಾಲೆಯಲ್ಲಿ ಇದ್ದದ್ದು ಹಳೆಯ ಎರಡು ಗಣಕಯಂತ್ರಗಳು, ಅವುಗಳಲ್ಲಿ ನೀಲಿ ಪರದೆಯ ಟರ್ಬೊ ಸಿ. ಒಂದರ ಮುಂದೆ ಪ್ರತಿದಿನ ಊಟದ ಬಿಡುವಿನಲ್ಲಿ ನಾಲ್ಕು ಮಕ್ಕಳು ಆಡುತ್ತಿದ್ದರು. ಆ ಹುಡುಗಿ ಒಂದು ವಾರದಿಂದ ಮೂರನೆಯ ಜಾಗವೇ ಬೇಕೆಂದು ಹಟ ಹಿಡಿಯುತ್ತಿದ್ದಳಂತೆ. ದಿನದ ಮೊದಲ ಆಟವನ್ನು ಅವಳೇ ಗೆಲ್ಲುತ್ತಿದ್ದಳಂತೆ. ಒಂದು ದಿನ, ಪಕ್ಕದವನು ಎಲೆ ಹಾಕುವ ಮುಂಚೆಯೇ “ನಿನ್ನ ಹತ್ರ ವರಾಹದ ಮಂತ್ರಿ ಐತೆ, ಹಾಕು” ಎಂದುಬಿಟ್ಟಳು. ಅಷ್ಟೇ! ಗಲಾಟೆ ಎದ್ದಿತು. ಎಲ್ಲರ ಎಲೆ ಕದ್ದು ನೋಡುತ್ತಾಳೆ, ಇನ್ನು ಅವಳನ್ನು ಆಟಕ್ಕೆ ಸೇರಿಸುವುದಿಲ್ಲ ಎಂದರು ಹುಡುಗರು.

ನಾನು ಆ ಶಾಲೆಗೆ ಹೋಗುವ ಹೊತ್ತಿಗೆ ಅವಳು ಆಟ ಬಿಟ್ಟು ಎರಡು ದಿನವಾಗಿತ್ತು. ಕರೆದು ಕೇಳಿದೆ. ಮಾತಾಡಲಿಲ್ಲ. ಚೀಲದಿಂದ ನೋಟುಪುಸ್ತಕ ತೆಗೆದು ಕೊಟ್ಟಳು. ಅದರಲ್ಲಿ ನಾಲ್ಕು ಕಂಬ ಎಳೆದು, ನಾಲ್ಕು ಜಾಗಕ್ಕೂ ಬಂದ ಮೂವತ್ತು ಮೂವತ್ತು ಎಲೆಗಳನ್ನು ಬರೆದಿದ್ದಳು. ಮೇಲೆ ‘ಕರೆಂಟ್ ಹೋಗಿ ಬಂದ ಮೇಲೆ’ ಎಂದು ತಲೆಬರಹ.

“ಅವತ್ತು ಎರಡ್ ಸಲ ಕರೆಂಟ್ ಹೋತು ಸಾರ್. ಬಂದಾಗೆಲ್ಲ ಅವೇ ಎಲೆ ಬಂದ್ವು. ಮಾರನೇ ದಿನಾನೂ ಅವೇ. ನಾನು ಯಾರ್ದೂ ನೋಡಿಲ್ಲ, ಆಟ ಮುಗ್ದಾಗ ಕೆಳಗೆ ಬಿದ್ದ ಎಲೆ ಬರ್ಕಂಡೆ ಅಷ್ಟೇ.”

ಅವಳ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಯಂತ್ರವನ್ನು ಮತ್ತೆ ಚಾಲೂ ಮಾಡಿದೆವು. ಒಂದು ಎಲೆಯೂ ತಪ್ಪಿರಲಿಲ್ಲ. ಒಂದೇ ದಿನ ಎರಡನೆಯ, ಮೂರನೆಯ ಆಟ ಆಡಿದಾಗ ಸಂಖ್ಯೆಗಳ ಸಾಲು ಮುಂದಕ್ಕೆ ಹೋಗಿರುತ್ತದೆ, ಹಾಗಾಗಿ ಎಲೆ ಬದಲಾಗುತ್ತವೆ. ಯಂತ್ರ ಆರಿ ಮತ್ತೆ ಹೊತ್ತಿದಾಗ ಮಾತ್ರ ಸಾಲು ಮೊದಲಿನಿಂದ ಶುರು. ಆದ್ದರಿಂದಲೇ ಉಳಿದವರ ಗಮನಕ್ಕೆ ಇದು ಬಂದಿರಲಿಲ್ಲ. ನಾಲ್ವರನ್ನೂ ಕೂರಿಸಿಕೊಂಡು, ಬೀಜ ಹಾಕಲು ಮರೆತದ್ದು ನಾನು ಎಂದು ಹೇಳಿದೆ. ಹುಡುಗರು ಅವಳ ನೋಟುಪುಸ್ತಕವನ್ನು ಕೈಯಿಂದ ಕೈಗೆ ದಾಟಿಸುತ್ತ ನೋಡಿದರು. ಕ್ಷಮೆ ಗಿಮೆ ಯಾರೂ ಕೇಳಲಿಲ್ಲ. ಆದರೆ ಮಧ್ಯಾಹ್ನ ಆಟಕ್ಕೆ ಕರೆದರು.

ದಿನದ ಹೊತ್ತೇ ಬೀಜ

ಪ್ರತಿಸಲ ಬೇರೆ ಬೇರೆ ಬೀಜ ಎಲ್ಲಿಂದ ತರುವುದು? ವಾಡಿಕೆಯ ಉತ್ತರ ಗಡಿಯಾರ. 1970ರ ಜನವರಿ 1ರಿಂದ ಈವರೆಗೆ ಎಷ್ಟು ಸೆಕೆಂಡು ಕಳೆದಿವೆ ಎಂಬುದನ್ನು ‘ಟೈಮ್’ ಎಂಬ ಆದೇಶ ಹೇಳುತ್ತದೆ. ಅದನ್ನೇ ಬೀಜವಾಗಿ ಕೊಟ್ಟೆ. ಸೆಕೆಂಡು ಬದಲಾದರೆ ಎಲೆ ಬದಲು. ಸಮಸ್ಯೆ ಮುಗಿಯಿತು ಎಂದುಕೊಂಡೆ. “ಎರಡೂ ಕಂಪ್ಯೂಟರ್ ಒಂದೇ ಸೆಕೆಂಡಿಗೆ ಶುರು ಮಾಡಿದ್ರೆ ಸಾರ್?” ಎಂದಳು ಅವಳು. ಗಡಿಯಾರಗಳು ಹೊಂದಿಕೊಂಡಿದ್ದರೆ ಎರಡರಲ್ಲೂ ಒಂದೇ ಎಲೆ ಬರುತ್ತದೆ, ನಿಜ.

ಇನ್ನೂ ಒಂದು ವಿಚಿತ್ರವಿತ್ತು. ಆ ಹಳೆಯ ಟರ್ಬೊ ಸಿಯಲ್ಲಿ ಬೀಜವಾಗಿ 0ಯಿಂದ 65,535ರವರೆಗಿನ ಸಂಖ್ಯೆಗಳಿಗೆ ಮಾತ್ರ ಜಾಗ. ಅದನ್ನು ದಾಟಿದರೆ ಮತ್ತೆ 0ಯಿಂದ. 65,536 ಸೆಕೆಂಡು ಎಂದರೆ 18 ಗಂಟೆ 12 ನಿಮಿಷ 16 ಸೆಕೆಂಡು. ಭಾಗಿಸಿ ನೋಡಿ. ಅಂದರೆ ಇಂದು ಮಧ್ಯಾಹ್ನ ಸರಿಯಾಗಿ 1 ಗಂಟೆಗೆ ಬಂದ ಎಲೆಗಳೇ ನಾಳೆ ಬೆಳಿಗ್ಗೆ 7 ಗಂಟೆ 12 ನಿಮಿಷ 16 ಸೆಕೆಂಡಿಗೂ ಬರುತ್ತವೆ!

120 ಎಲೆಗಳನ್ನು ಜೋಡಿಸುವ ಒಟ್ಟು ಕ್ರಮಗಳು ಎಷ್ಟು? 120 × 119 × 118 ಎಂದು 1ರವರೆಗೆ ಗುಣಿಸಬೇಕು. ಬರುವ ಉತ್ತರದಲ್ಲಿ 199 ಅಂಕಿಗಳಿವೆ. 52 ಎಲೆಗಳ ಇಸ್ಪೀಟಿಗೇ 68 ಅಂಕಿಗಳ ಸಂಖ್ಯೆ ಬರುತ್ತದೆ. ಅಂಥ ಸಮುದ್ರದಲ್ಲಿ ನಮ್ಮ ಯಂತ್ರಕ್ಕೆ ಸಿಕ್ಕುತ್ತಿದ್ದುದು ಬರೀ 65,536 ಹನಿ.

ಮಕ್ಕಳ ಆಟದಲ್ಲಿ ಇದರಿಂದ ನಷ್ಟವೇನಿಲ್ಲ. ಹಣ ಇರುವ ಕಡೆ ಹಾಗಲ್ಲ. 1999ರಲ್ಲಿ ಅಮೆರಿಕದಲ್ಲಿ ನಡೆದದ್ದನ್ನು ಕೇಳಿ. ಅಂತರಜಾಲದಲ್ಲಿ ಹಣ ಕಟ್ಟಿ ಇಸ್ಪೀಟು ಆಡಿಸುವ ತಂತ್ರಾಂಶ ಮಾಡಿದ್ದ ಒಂದು ಕಂಪನಿ, ತನ್ನ ಆಟ ನ್ಯಾಯವಾದದ್ದು ಎಂದು ತೋರಿಸಲು ಎಲೆ ಕಲೆಸುವ ಕ್ರಮವಿಧಿಯನ್ನೇ ಪ್ರಕಟಿಸಿತು. ತಂತ್ರಾಂಶ ಭದ್ರತೆಯ ತಜ್ಞರ ತಂಡವೊಂದು ಅದನ್ನು ಓದಿತು. ಅದರಲ್ಲಿ ನಮ್ಮ ಹುಡುಗ ಹೇಳಿದಂಥದ್ದೇ ತಪ್ಪು ಕಲೆಸುವಿಕೆ! ಬೀಜವೂ ಗಡಿಯಾರದ್ದೇ: ಮಧ್ಯರಾತ್ರಿಯಿಂದ ಎಷ್ಟು ಮಿಲಿಸೆಕೆಂಡು ಕಳೆದಿವೆ ಎಂಬ ಸಂಖ್ಯೆ. ಒಂದು ದಿನದಲ್ಲಿ 24 × 60 × 60 × 1000 = 8,64,00,000 ಮಿಲಿಸೆಕೆಂಡು. ತಜ್ಞರು ತಮ್ಮ ಗಡಿಯಾರವನ್ನು ಕಂಪನಿಯ ಯಂತ್ರದ ಗಡಿಯಾರಕ್ಕೆ ಹೊಂದಿಸಿದಾಗ ಪರೀಕ್ಷಿಸಬೇಕಾದ ಬೀಜಗಳು ಸುಮಾರು ಎರಡು ಲಕ್ಷಕ್ಕೆ ಇಳಿದವು. ತಮ್ಮ ಕೈಯ ಎರಡು ಎಲೆ, ಮೇಜಿನ ಮೇಲೆ ತೆರೆದಿಟ್ಟ ಮೂರು ಎಲೆ, ಈ ಐದಕ್ಕೆ ಹೊಂದುವ ಬೀಜ ಯಾವುದೆಂದು ಯಂತ್ರದಿಂದ ಹುಡುಕಿಸಿದರು. ಬೀಜ ಸಿಕ್ಕಿತೆಂದರೆ ಎಲ್ಲರ ಎಲೆಯೂ, ಇನ್ನು ಬರಬೇಕಾದ ಎಲೆಯೂ ತಿಳಿದಂತೆ. ಅವರು ಮಾಡಿದ್ದು ನಮ್ಮ ಹುಡುಗಿ ನೋಟುಪುಸ್ತಕದಲ್ಲಿ ಮಾಡಿದ ಕೆಲಸವನ್ನೇ. ಅವರು ಹಣ ಹೊಡೆಯಲು ಹೋಗದೆ ದೋಷವನ್ನು ಬಹಿರಂಗಪಡಿಸಿದರು.

ಈಗಿನ ಗಣಕಯಂತ್ರಗಳು ಮುಖ್ಯವಾದ ಕೆಲಸಗಳಿಗೆ ಬರೀ ಗಡಿಯಾರವನ್ನು ನಂಬುವುದಿಲ್ಲ. ಕೀಲಿಗಳನ್ನು ಒತ್ತುವ ನಡುವಿನ ಅಂತರ, ವಿದ್ಯುನ್ಮಂಡಲದೊಳಗಿನ ಸಣ್ಣ ಸಣ್ಣ ಏರುಪೇರು, ಹೀಗೆ ಯಾರೂ ಊಹಿಸಲಾಗದ್ದನ್ನೆಲ್ಲ ಕೂಡಿಹಾಕಿ ಬೀಜ ಮಾಡಿಕೊಳ್ಳುತ್ತವೆ.

ಸರದಿ ಯಾರದು?

ಹಂಚುವುದಕ್ಕೂ ಶೇಷವೇ ಸಾಕು. ಆಟಗಾರರಿಗೆ 0, 1, 2, 3 ಎಂದು ಸಂಖ್ಯೆ. ಕಲೆಸಿದ ಸಾಲಿನ ಮನೆಯ ಸಂಖ್ಯೆಯನ್ನು 4ರಿಂದ ಭಾಗಿಸಿ. ಬಂದ ಶೇಷದ ಆಟಗಾರನಿಗೆ ಆ ಎಲೆ. ಸರದಿಯೂ ಹೀಗೆಯೇ: ಈಗ ಆಡಿದವನ ಸಂಖ್ಯೆಗೆ 1 ಕೂಡಿಸಿ 4ರಿಂದ ಭಾಗಿಸಿದ ಶೇಷ. 3ನೆಯವನ ನಂತರ 3 + 1 = 4, ಶೇಷ 0. ಸುತ್ತು ತಾನೇ ತಿರುಗುತ್ತದೆ, ಗಡಿಯಾರದಲ್ಲಿ 12ರ ನಂತರ 1 ಬಂದಂತೆ.

ನಮ್ಮ ನಿಯಮ ಸರಳ. ಮೊದಲು ಹಾಕಿದವರು ಯಾವ ಗುಂಪಿನ ಎಲೆ ಹಾಕಿದರೋ ಉಳಿದವರೂ ಅದೇ ಗುಂಪಿನದನ್ನು ಹಾಕಬೇಕು. ಇಲ್ಲದಿದ್ದರೆ ಮಾತ್ರ ಬೇರೆ. ಆ ಗುಂಪಿನ ದೊಡ್ಡ ಎಲೆ ಹಾಕಿದವರಿಗೆ ಸುತ್ತು. ಕೈಯಲ್ಲಿ ಎಲೆ ಇಟ್ಟುಕೊಂಡು ‘ಇಲ್ಲ’ ಎಂದರೆ ಯಂತ್ರ ಒಪ್ಪುವುದಿಲ್ಲ, ಅದು ಎಲ್ಲರ ಎಲೆಯನ್ನೂ ಬಲ್ಲದು. ‘ದೊಡ್ಡ ಎಲೆ’ಯಲ್ಲಿ ಗಂಜೀಫದ್ದೇ ಒಂದು ಸೊಗಸಿದೆ. ಅರ್ಧ ಗುಂಪುಗಳಲ್ಲಿ 10 ದೊಡ್ಡದು, 1 ಚಿಕ್ಕದು. ಉಳಿದರ್ಧದಲ್ಲಿ ತಿರುವುಮುರುವು, 1 ದೊಡ್ಡದು, 10 ಚಿಕ್ಕದು. ರಾಜ, ಮಂತ್ರಿ ಮಾತ್ರ ಎಲ್ಲ ಕಡೆಯೂ ಮೇಲೆ. ನಾವು ಪರಶುರಾಮನಿಂದ ಕಲ್ಕಿಯವರೆಗಿನ ಐದು ಗುಂಪುಗಳನ್ನು ತಿರುವುಮುರುವು ಎಂದು ಇಟ್ಟುಕೊಂಡೆವು. ಯಂತ್ರಕ್ಕೆ ಹೇಳುವುದು ಹೀಗೆ: ಗುಂಪು 5 ಅಥವಾ ಹೆಚ್ಚಾಗಿದ್ದು, ಶೇಷ 10ಕ್ಕಿಂತ ಕಡಿಮೆಯಿದ್ದರೆ, ಎಲೆಯ ಬೆಲೆ 9ರಿಂದ ಶೇಷವನ್ನು ಕಳೆದಷ್ಟು. ಇಲ್ಲದಿದ್ದರೆ ಶೇಷವೇ ಬೆಲೆ. ಕೃಷ್ಣನ ಒಂದಕ್ಕೆ ಶೇಷ 0, ಬೆಲೆ 9. ಕೃಷ್ಣನ ಹತ್ತಕ್ಕೆ ಶೇಷ 9, ಬೆಲೆ 0. ಇಂಥ ‘ಆದರೆ – ಇಲ್ಲದಿದ್ದರೆ’ ಆದೇಶಕ್ಕೆ ‘ಸಿ’ಯಲ್ಲಿ ‘ಇಫ್’, ‘ಎಲ್ಸ್’ ಎಂಬ ಪದಗಳಿವೆ.

ನಾಲ್ವರಿಗೂ ಇರುವುದು ಒಂದೇ ಪರದೆ. ಎಲೆ ಬಚ್ಚಿಡುವುದು ಹೇಗೆ? ಒಬ್ಬರು ಆಡಿದ ಮೇಲೆ 25 ಖಾಲಿ ಸಾಲುಗಳನ್ನು ಮುದ್ರಿಸಿಬಿಟ್ಟೆವು. ಅವರ ಎಲೆಗಳೆಲ್ಲ ಮೇಲಕ್ಕೆ ಸರಿದು ಮಾಯ. ಉಳಿದ ಮೂವರು ಗೋಡೆಯ ಕಡೆ ಮುಖ ಮಾಡಿ ನಿಲ್ಲಬೇಕಿತ್ತು, ಅದೊಂದು ಗಮ್ಮತ್ತು.

ಕೊನೆಗೂ ಸಿಕ್ಕ ರಾಜ

ಮುಂದಿನ ವಾರ ಹೋದಾಗ ಆ ಹುಡುಗಿ ಇನ್ನೊಂದು ಪ್ರಶ್ನೆ ಇಟ್ಟುಕೊಂಡು ಕಾಯುತ್ತಿದ್ದಳು. “ಕಲ್ಕಿ ರಾಜ ಯಾರಿಗೂ ಬಂದೇ ಇಲ್ಲ ಸಾರ್. ಮತ್ಸ್ಯದ ಒಂದು ಮಾತ್ರ ಎರಡೆರಡು ಬರ್ತಾವೆ.”

ಅವಳ ಹಳೆಯ ಪಟ್ಟಿಯನ್ನು ಮತ್ತೆ ತೆರೆದೆವು. 120 ಎಲೆಗಳನ್ನೂ ಒಂದೊಂದಾಗಿ ಗುರುತು ಹಾಕಿದೆವು. ನಿಜ, ಕಲ್ಕಿಯ ರಾಜ ಇಲ್ಲ. ಮತ್ಸ್ಯದ ಒಂದು ಎರಡು ಕಡೆ ಇದೆ. ಮೊದಲ ಸಲ ಪಟ್ಟಿ ನೋಡಿದಾಗ ನನ್ನ ಕಣ್ಣಿಗೆ ಇದು ಬಿದ್ದಿರಲೇ ಇಲ್ಲ.

ನೀವು ಬರೆದಿಟ್ಟುಕೊಂಡ ಉತ್ತರ ಈಗ ನೋಡಿ. 119 ಎಂದರೆ ಭಾಗಲಬ್ಧ 9, ಶೇಷ 11, ಅಂದರೆ ಕಲ್ಕಿಯ ರಾಜ. 0 ಎಂದರೆ ಮತ್ಸ್ಯದ ಒಂದು. ಕಟ್ಟನ್ನು ಜೋಡಿಸುವ ಸಾಲಿನಲ್ಲಿ ನಾನು ‘ಮನೆಯ ಸಂಖ್ಯೆ 119ಕ್ಕಿಂತ ಕಡಿಮೆ ಇರುವವರೆಗೆ ತುಂಬು’ ಎಂದು ಬರೆದಿದ್ದೆ. ಕೊನೆಯ ಮನೆ 119 ಎಂಬುದೇ ತಲೆಯಲ್ಲಿತ್ತು. ‘ಕಡಿಮೆ’ ಎಂದರೆ 118ಕ್ಕೆ ನಿಲ್ಲುತ್ತದೆ. 119ನೇ ಮನೆಗೆ ಯಂತ್ರ ಹೋಗಲೇ ಇಲ್ಲ. ನಾನು ಆ ಸಾಲುಮನೆಗಳನ್ನು ಇಡೀ ಕ್ರಮವಿಧಿಗೆ ಸೇರಿದಂತೆ ಕಟ್ಟಿದ್ದೆ. ಅಂಥ ಮನೆಗಳಲ್ಲಿ ‘ಸಿ’ ಮೊದಲೇ ಸೊನ್ನೆ ಇಟ್ಟಿರುತ್ತದೆ. ತುಂಬದೆ ಉಳಿದ ಮನೆಯಲ್ಲಿ ಆ ಸೊನ್ನೆ ಹಾಗೆಯೇ ಕುಳಿತಿತ್ತು, ಎರಡನೆಯ ಮತ್ಸ್ಯದ ಒಂದಾಗಿ. ಇದು ತಿರುಗಿ 121 ಎಂದು ಬರೆದಿದ್ದರೆ ಇನ್ನೂ ಕೆಟ್ಟದಾಗುತ್ತಿತ್ತು. ಓಣಿಯಲ್ಲಿ ಅಷ್ಟು ಮನೆ ಇವೆಯೇ ಎಂದು ‘ಸಿ’ ಕೇಳುವುದಿಲ್ಲ. ಪಕ್ಕದಲ್ಲಿ ಬೇರೆ ಯಾವುದೋ ಲೆಕ್ಕ ಇಟ್ಟಿದ್ದರೆ ಅದರ ಮೇಲೆಯೇ ಬರೆದುಬಿಡುತ್ತದೆ.

119ನ್ನು ಅಳಿಸಿ 120 ಎಂದು ತಿದ್ದುವ ಕೆಲಸವನ್ನು ಅವಳಿಗೇ ಕೊಟ್ಟೆ. ಒಂದು ಬೆರಳಿನಲ್ಲಿ ಕೀಲಿ ಹುಡುಕುತ್ತ ತಿದ್ದಿದಳು. ಆಟ ಚಾಲೂ ಮಾಡಿದೆವು. ಕಲ್ಕಿಯ ರಾಜ ಒಂದನೆಯ ಜಾಗಕ್ಕೆ ಬಂದ. ಅಲ್ಲಿ ಕುಳಿತಿದ್ದವನು ವರಾಹದ ಮಂತ್ರಿಯ ಹುಡುಗ.